ಭಟ್ಟಿ ಸಣ್ಣೀರಮ್ಮನ ಬಾಡಿಗೆ ಬಾಕಿ

ಬನ್ನಿ, ಹತ್ತಿರ ಕೂತುಕೊಳ್ಳಿ. ಹಿಂದೆ ಇರುವವರಿಗೂ ಕೇಳಿಸಬೇಕಲ್ಲ.

ಎರಡು ಹೊಳೆ ಸೇರುವ ಕಡೆ ಒಂದು ರಾಜ್ಯವಿತ್ತು. ಆ ರಾಜ್ಯದ ಪೇಟೆಯಲ್ಲಿ ಸಣ್ಣೀರಮ್ಮ ಅಂತ ಒಬ್ಬ ಹೆಂಗಸು ಇದ್ದಳು. ಅವಳ ಕೈಯಲ್ಲಿ ಏನೂ ಆಗೋದಿಲ್ಲ ಅಂತ ಮೂರು ಜನ ಹೇಳಿದ್ದರು.

ಮೊದಲು ಹೇಳಿದವನು ಅವಳ ಗಂಡನ ಅಣ್ಣ. ಗಂಡ ತೀರಿಕೊಂಡ ವರ್ಷ ಅವಳು "ನಾನು ಮಂಡಕ್ಕಿ ಭಟ್ಟಿ ಹಾಕ್ತೀನಿ ಭಾವ" ಅಂದಾಗ ಅವನು ಬಾಯಲ್ಲಿದ್ದ ಎಲೆಅಡಿಕೆ ಉಗಿದು, "ಅನ್ನ ಸೀಯಿಸೋಳು ಮಂಡಕ್ಕಿ ಹುರೀತಾಳಂತೆ" ಅಂದ. ಎರಡನೆಯವಳು ಪಕ್ಕದ ಮನೆ ಮುದುಕಿ. "ಭಟ್ಟಿಗೆ ಗಂಡಸಿನ ತೋಳು ಬೇಕು ಕಣೇ. ನಿನ್ನ ತೋಳು ನೋಡಿಕೋ, ಸವೆದ ಪೊರಕೆ ಕಡ್ಡಿ" ಅಂದಳು. ಮೂರನೆಯವಳು ಹೆತ್ತ ತಾಯಿ. ಅವಳು ಬೈಯಲಿಲ್ಲ. ಮಗಳ ತಲೆ ನೇವರಿಸಿ, "ನಿನ್ನ ಕೈಲಿ ಆಗಲ್ಲ ಮಗಾ, ನನ್ನ ಜೊತೆ ಬಂದುಬಿಡು" ಅಂದಳು. ಮೂರರಲ್ಲಿ ಸಣ್ಣೀರಮ್ಮನಿಗೆ ಹೆಚ್ಚು ಉರಿದದ್ದು ಆ ಪ್ರೀತಿಯ ಮಾತೇ.

ಸರಿ, ಅವಳು ಏನು ಮಾಡಿದಳು? ಪೇಟೆಯ ಸಾಹುಕಾರ ಅಡಿವೆಪ್ಪನ ಬಳಿ ಹೋದಳು. ಅಡಿವೆಪ್ಪನಿಗೆ ಬೀದಿಬೀದಿಯಲ್ಲಿ ಮಳಿಗೆಗಳಿದ್ದವು. ಪೇಟೆಯ ಮೂಲೆಯಲ್ಲಿ ಒಂದು ಹಾಳು ಕೊಟ್ಟಿಗೆಯೂ ಇತ್ತು. ಸೂರು ಕುಸಿದಿತ್ತು. ಕತ್ತೆ ಕೂಡ ಅದರೊಳಗೆ ಮಲಗುತ್ತಿರಲಿಲ್ಲ. "ಅದನ್ನ ನನಗೆ ಬಾಡಿಗೆಗೆ ಕೊಡಿ ಸಾಹುಕಾರ್ರೆ" ಅಂದಳು. ಅಡಿವೆಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿ, ಬಾಡಿಗೆ ಹೇಳಿದ. ಕತ್ತೆ ಬೇಡ ಅಂದ ಜಾಗಕ್ಕೆ ಕುದುರೆ ಲಾಯದ ಬಾಡಿಗೆ. ಅವಳು ಚೌಕಾಸಿ ಮಾಡದೆ ಒಪ್ಪಿಕೊಂಡಳು.

ತಾನೇ ಮಣ್ಣು ತುಳಿದಳು. ತಾನೇ ಒಲೆ ಕಟ್ಟಿದಳು. ತಾನೇ ಹೊಳೆಯಿಂದ ಮರಳು ಹೊತ್ತು ತಂದು ಜರಡಿ ಹಿಡಿದಳು. ಮೊದಲ ದಿನ ಹುರಿದ ಮಂಡಕ್ಕಿ ಕಲ್ಲಾಯಿತು. ಎರಡನೇ ದಿನದ್ದು ಕಪ್ಪಾಯಿತು. ಮೂರನೇ ದಿನ ಕಾದ ಮರಳಿನ ಮೇಲೆ ಅಕ್ಕಿ ಬಿದ್ದದ್ದೇ ತಡ, ಮಲ್ಲಿಗೆ ಮೊಗ್ಗು ಬಿರಿದ ಹಾಗೆ ಬಾಣಲೆ ತುಂಬ ಅರಳಿತು. ಅವತ್ತು ಅವಳ ಹುಬ್ಬು ಸುಟ್ಟುಹೋಗಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಆಮೇಲೆ ಕೇಳಬೇಕೇ. ಬೆಳಗಾದರೆ ಭಟ್ಟಿಯ ಮುಂದೆ ಜನ. ಕೂಲಿಯವರು, ಬಂಡಿ ಹೊಡೆಯುವವರು, ಸಂತೆಗೆ ಬಂದವರು, ಬಾಣಂತಿ ಮನೆಯವರು. ಬಿಸಿ ಮಂಡಕ್ಕಿಗೆ ಒಗ್ಗರಣೆ, ಮೇಲೆ ಒಂದು ಹಸಿಮೆಣಸಿನಕಾಯಿ. ಪೊಟ್ಟಣ ಕಟ್ಟಲು ಹಳೆ ಪಂಚಾಂಗದ ಹಾಳೆ, ಹರಿದ ಪುರಾಣದ ಹಾಳೆ ತರಿಸುತ್ತಿದ್ದಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಆ ಹಾಳೆಗಳನ್ನು ಎದುರಿಗಿಟ್ಟುಕೊಂಡು ಅಕ್ಷರ ಕಲಿತಳು. ಬಂದವರನ್ನು "ಇದೇನು, ಅದೇನು" ಅಂತ ಕೇಳುತ್ತಿದ್ದಳು. ಹೇಳದಿದ್ದರೆ ಮೆಣಸಿನಕಾಯಿ ಕೊಡುತ್ತಿರಲಿಲ್ಲ. ಓದಿ ಮುಗಿಯದ ಹಾಳೆಯನ್ನು ಪೊಟ್ಟಣಕ್ಕೆ ಬಳಸುತ್ತಿರಲಿಲ್ಲ. ಹಾಗಾಗಿ ಕೆಲವು ಸಲ ಜನ ಮಂಡಕ್ಕಿಯನ್ನು ಸೆರಗಿನಲ್ಲೇ ಕಟ್ಟಿಕೊಂಡು ಹೋಗಬೇಕಾಗುತ್ತಿತ್ತು.

ಹಾಗೆ ಕಟ್ಟಿಕೊಂಡು ಹೋಗುತ್ತಿದ್ದವರಲ್ಲಿ ಅಡಿವೆಪ್ಪನ ಮಗಳು ನೀಲವ್ವನೂ ಒಬ್ಬಳು. ತಾಯಿಯಿಲ್ಲದ ಮಗು. ಲಂಗ ಎತ್ತಿ ಹಿಡಿದು ಬಂದು ನಿಲ್ಲುತ್ತಿತ್ತು. "ದೊಡ್ಡಮ್ಮಾ, ಬಿಸೀದು."

"ದುಡ್ಡೆಲ್ಲಿ?"

"ಅಪ್ಪನ್ನ ಕೇಳು."

"ನಿಮ್ಮಪ್ಪನ್ನ ಕೇಳಿದರೆ ಮಂಡಕ್ಕಿಗೂ ಬಾಡಿಗೆ ಹಾಕ್ತಾನೆ" ಅಂತ ನಗುತ್ತ ಸಣ್ಣೀರಮ್ಮ ಲಂಗ ತುಂಬಿಸುತ್ತಿದ್ದಳು. ಆ ಮಗು ಅಲ್ಲೇ ಮೆಟ್ಟಿಲ ಮೇಲೆ ಕೂತು ತಿಂದು, ಅಲ್ಲೇ ಹೊಟ್ಟಿನ ಚೀಲದ ಮೇಲೆ ನಿದ್ದೆ ಹೋಗುತ್ತಿತ್ತು. ಹಾಗೇ ಬೆಳೆದು ದೊಡ್ಡವಳಾದಳು. ಹೊಳೆಯಾಚೆ ಊರಿನ ಒಂದು ಒಳ್ಳೆ ಮನೆತನದಲ್ಲಿ ಗಂಡು ಗೊತ್ತಾಯಿತು.

ಕಷ್ಟ ಶುರುವಾದದ್ದು ಅಲ್ಲಿಂದ.

ಗಂಡಿನ ಕಡೆಯವರು, "ಹುಡುಗ ಬಟ್ಟೆ ಅಂಗಡಿ ಇಡಬೇಕು ಅಂತಾನೆ, ಪೇಟೆಯಲ್ಲಿ ಒಂದು ಒಳ್ಳೆ ಮಳಿಗೆ ಕೊಡಿಸಿ" ಅಂದರು. ಅಡಿವೆಪ್ಪ ತನ್ನ ಮಳಿಗೆಗಳನ್ನೆಲ್ಲ ಮನಸ್ಸಿನಲ್ಲೇ ಸುತ್ತಿಬಂದ. ಎಲ್ಲಿ ಜನ ಹೆಚ್ಚು? ಭಟ್ಟಿಯ ಮೂಲೆಯಲ್ಲಿ. ಆ ಜನ ಬರುವುದು ಮಂಡಕ್ಕಿಗೆ, ಮೂಲೆಗಲ್ಲ ಅಂತ ಅವನ ತಲೆಗೆ ಹೊಳೆಯಲಿಲ್ಲ. "ಮೂಲೆ ಮಳಿಗೆ ನಿಮ್ಮದೇ" ಅಂತ ಮಾತು ಕೊಟ್ಟ.

ಆ ರಾಜ್ಯದಲ್ಲಿ ಒಂದು ಕಾಯ್ದೆ ಇತ್ತು. ಬಾಡಿಗೆ ಸರಿಯಾಗಿ ಕೊಡುವವರನ್ನು ಬಿಡಿಸುವ ಹಾಗಿಲ್ಲ. ಸಣ್ಣೀರಮ್ಮನಂತೂ ಅಮಾವಾಸ್ಯೆ ಕಳೆದ ಬೆಳಿಗ್ಗೆ, ಹಲ್ಲುಜ್ಜುವ ಮೊದಲೇ, ಬಾಡಿಗೆ ತಂದಿಡುವವಳು. ಹಾಗಾದರೆ ಬಿಡಿಸುವುದು ಹೇಗೆ? ಅಡಿವೆಪ್ಪ ಯೋಚಿಸಿದ. ಕೊಡುವವಳು ಕೊಡದೇ ಇರುವುದಿಲ್ಲ. ತೆಗೆದುಕೊಳ್ಳುವವನು ತೆಗೆದುಕೊಳ್ಳದೇ ಇರಬಹುದಲ್ಲ?

ಮೊದಲ ತಿಂಗಳು ಅವಳು ಬಂದಳು. ಅಡಿವೆಪ್ಪ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. "ಅಯ್ಯೋ ಸಣ್ಣೀರಮ್ಮ, ಇವತ್ತು ಶುಕ್ರವಾರ. ನಿನ್ನ ಮನೆ ಲಕ್ಷ್ಮೀನ ಹೊರಗೆ ಕಳಿಸಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತೀನಿ." ಹೌದಲ್ಲ ಅಂತ ಅವಳು ವಾಪಸಾದಳು. ಮಾರನೇ ದಿನ ಹೋದರೆ ಸಾಹುಕಾರ ಪರಊರಿಗೆ ಹೋಗಿದ್ದ.

ಎರಡನೇ ತಿಂಗಳು ಎರಡು ತಿಂಗಳಿನದನ್ನೂ ತಂದಳು. "ಅಮಾವಾಸ್ಯೆ ಗ್ರಹಣ ಹಿಡಿದು ಬಿಟ್ಟಿದೆ. ವಾರದವರೆಗೆ ಮನೆಯೊಳಕ್ಕೆ ದುಡ್ಡು ಬರಬಾರದು ಅಂತ ಜೋಯಿಸರು ಹೇಳಿದ್ದಾರೆ" ಅಂದ. ವಾರ ಬಿಟ್ಟು ಹೋದರೆ ಮತ್ತೆ ಇಲ್ಲ.

ಮೂರನೇ ತಿಂಗಳು ಮೂರು ತಿಂಗಳಿನದನ್ನೂ ತಂದಳು. ಅಡಿವೆಪ್ಪ ಬಾಗಿಲಲ್ಲೇ ತಡೆದ. "ಮುಟ್ಟಬೇಡ, ಸೂತಕ. ದೂರದ ದಾಯಾದಿ ಹೋಗಿಬಿಟ್ಟ."

"ಯಾರು ಸಾಹುಕಾರ್ರೆ?"

"ತುಂಬ ದೂರದವನು. ನನಗೂ ಸರಿಯಾಗಿ ಗೊತ್ತಿಲ್ಲ." ಆಮೇಲೆ ಮೆತ್ತಗೆ, "ನಿನ್ನ ದುಡ್ಡು ಎಲ್ಲಿಗೆ ಓಡಿಹೋಗುತ್ತೆ? ನಿಧಾನಕ್ಕೆ ಕೊಡು" ಅಂದ.

ವಾರ ತಿಥಿ ನೋಡುವ ನಮ್ಮಂಥ ಜನಕ್ಕೆ ಇಂಥ ಮಾತಿಗೆ ಎದುರು ಹೇಳುವ ಬಾಯಿ ಎಲ್ಲಿಂದ ಬರಬೇಕು? ಸಣ್ಣೀರಮ್ಮ ಮನೆಗೆ ಬಂದು, ಮೂರು ತಿಂಗಳ ಬಾಡಿಗೆಯನ್ನು ಹಳೇ ಸೀರೆಯಲ್ಲಿ ಮೂರು ಗಂಟು ಹಾಕಿ ಇಟ್ಟಳು.

ಇತ್ತ ಅಡಿವೆಪ್ಪ ನೆಟ್ಟಗೆ ನ್ಯಾಯದ ಕಟ್ಟೆಗೆ ಹೋದ. "ಸ್ವಾಮಿ, ಮೂರು ತಿಂಗಳಿಂದ ಬಾಡಿಗೆ ಬಂದಿಲ್ಲ" ಅಂದ. ಸುಳ್ಳಲ್ಲವಲ್ಲ. ಬಂದಿರಲಿಲ್ಲ.

ಕಟ್ಟೆಯ ಅಮೀನ ಕೊಟ್ರಪ್ಪ ಕರೆಯೋಲೆ ಹಿಡಿದು ಭಟ್ಟಿಗೆ ಬಂದ. ಜಪ್ತಿ ಮಾಡುವುದು, ಬೀಗ ಹಾಕುವುದು, ಕರೆ ಮುಟ್ಟಿಸುವುದು ಅವನ ಕೆಲಸ. ದಪ್ಪ ಮನುಷ್ಯ. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆಯುವವನು. "ತಂಗೆಮ್ಮ, ಸೋಮವಾರ ಕಟ್ಟೆಗೆ ಬರಬೇಕಂತೆ. ಸಾಹುಕಾರ್ರು ದೂರು ಕೊಟ್ಟಿದ್ದಾರೆ."

ಸಣ್ಣೀರಮ್ಮ ಸೌಟು ಬಿಡಲಿಲ್ಲ. "ನಾನೇನು ಕದ್ದಿದ್ದೀನಾ ಕೊಟ್ರಣ್ಣ, ಕಟ್ಟೆ ಹತ್ತೋಕೆ? ದುಡ್ಡು ಗಂಟು ಕಟ್ಟಿ ಇಟ್ಟಿದ್ದೀನಿ. ಬೇಕಾದವರು ಬಂದು ತಗೊಳ್ಳಲಿ. ನಾನು ಬರಲ್ಲ."

"ಬಂದು ಇದನ್ನೇ ಅಲ್ಲಿ ಹೇಳು."

"ತಪ್ಪು ಮಾಡದವಳು ಯಾಕೆ ಹೇಳಬೇಕು?"

ನೋಡಿ, ಅವಳ ತಪ್ಪು ಇದೊಂದೇ. ಸತ್ಯ ತನ್ನ ಕಡೆ ಇದೆ, ಅದು ತಾನೇ ನಡೆದುಕೊಂಡು ಕಟ್ಟೆಗೆ ಹೋಗುತ್ತೆ ಅಂದುಕೊಂಡಳು. ಸತ್ಯಕ್ಕೆ ಕಾಲಿರಲಿಲ್ಲ. ಅಡಿವೆಪ್ಪನಿಗೆ ಇದ್ದವು.

ಸೋಮವಾರ ನ್ಯಾಯಾಧಿಕಾರಿ ಮೂರು ಸಲ ಅವಳ ಹೆಸರು ಕೂಗಿಸಿದ. ಮೂರು ಸಲವೂ ಉತ್ತರ ಇಲ್ಲ. ತೀರ್ಪು ಬರೆದ. ಕೊಟ್ರಪ್ಪ ಎರಡನೇ ಸಲ ಬಂದ. ಈ ಸಲ ಅವನ ಮುಖ ಸಪ್ಪಗಿತ್ತು. "ಓದಿ ಹೇಳಲಾ ತಂಗೆಮ್ಮ?"

"ಕೊಡಿ ಇಲ್ಲಿ. ನನಗೇ ಬರುತ್ತೆ." ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಬರುವ ಹುಣ್ಣಿಮೆ ಹೊತ್ತು ಮುಳುಗುವುದರೊಳಗೆ ಬಾಕಿ ಬಾಡಿಗೆಯನ್ನು ಪೂರ್ತಿಯಾಗಿ, ಜನರ ಎದುರು, ಸಾಹುಕಾರನ ಕೈಗೆ ಮುಟ್ಟಿಸಬೇಕು. ತಪ್ಪಿದರೆ ಭಟ್ಟಿ ಒಡೆಸಿ ಜಾಗ ಖಾಲಿ ಮಾಡಿಸಲಾಗುವುದು.

ಆಗ ಓಡಿದಳು ನೋಡಿ ಕಟ್ಟೆಗೆ. ಬೂದಿ ಮುಖದಲ್ಲೇ. ನ್ಯಾಯಾಧಿಕಾರಿಯ ಮುಂದೆ ಮೂರು ಗಂಟು ಬಿಚ್ಚಿಟ್ಟಳು. "ತಗೊಳ್ಳಿ ಸ್ವಾಮಿ. ನೀವೇ ಅವರಿಗೆ ಕೊಡಿ."

ನ್ಯಾಯಾಧಿಕಾರಿ ಹಾವು ಕಂಡವನ ಹಾಗೆ ಕಾಲು ಮೇಲಕ್ಕೆ ಎಳೆದುಕೊಂಡ. "ತೆಗಿ, ತೆಗಿ. ನನಗಿಂತ ಹಿಂದೆ ಇದ್ದವನು ಹೀಗೆ ಬಂದ ದುಡ್ಡಲ್ಲಿ ಮಾಳಿಗೆ ಮನೆ ಕಟ್ಟಿಸಿದ. ಅವತ್ತಿಂದ ರಾಜರ ಆಜ್ಞೆ ಆಗಿದೆ. ಕಟ್ಟೆಯವರು ಕಾಸು ಮುಟ್ಟೋ ಹಾಗಿಲ್ಲ. ಕೊಡೋರ ಕೈಯಿಂದ ತಗೊಳ್ಳೋರ ಕೈಗೇ ಹೋಗಬೇಕು."

"ಅವರು ತಗೊಳ್ತಾ ಇಲ್ಲ ಸ್ವಾಮಿ. ಅದೇ ಕಷ್ಟ."

"ಅದನ್ನ ಸೋಮವಾರ ಬಂದು ಹೇಳಬೇಕಿತ್ತು" ಅಂದ ನ್ಯಾಯಾಧಿಕಾರಿ. ಕೆಟ್ಟವನೇನಲ್ಲ. ದನಿಯಲ್ಲಿ ಬೇಸರವಿತ್ತು. "ಬರೆದ ತೀರ್ಪನ್ನ ಅಳಿಸೋಕೆ ನನಗೂ ಬರಲ್ಲಮ್ಮ. ಆದರೆ ಅದರಲ್ಲಿ ಇರೋ ಹಾಗೆ ನಡೆದುಕೋ. ಜನರ ಎದುರು, ಅವನ ಕೈಗೆ. ಅಷ್ಟು ಮಾಡಿದರೆ ನಿನ್ನನ್ನ ಯಾರೂ ಅಲುಗಾಡಿಸೋಕೆ ಆಗಲ್ಲ."

ಅವಳು ಕೊಟ್ರಪ್ಪನನ್ನೇ ಸಾಕ್ಷಿಗೆ ಕರೆದುಕೊಂಡು ಅಡಿವೆಪ್ಪನ ಮನೆಗೆ ಹೋದಳು. ಅಡಿವೆಪ್ಪ ಹಣೆ ತುಂಬ ವಿಭೂತಿ ಬಳಿದುಕೊಂಡು ಕೂತಿದ್ದ. "ಮಗಳ ಮದುವೆ ಸಾಂಗವಾಗಿ ಆಗಲಿ ಅಂತ ಹರಕೆ ಹೊತ್ತಿದ್ದೀನಿ ಕೊಟ್ರಪ್ಪ. ಮದುವೆ ಪೂರ್ತಿ ಮುಗಿಯೋವರೆಗೂ ಬಾಡಿಗೆ, ಬಡ್ಡಿ, ವ್ಯಾಪಾರದ ಒಂದು ಕಾಸೂ ಮುಟ್ಟೋದಿಲ್ಲ. ದೇವರ ವಿಷಯ. ನೀನೇ ಹೇಳು."

ದೇವರ ವಿಷಯ ಅಂದಮೇಲೆ ಕೊಟ್ರಪ್ಪ ಕೈ ಮುಗಿದು ಕೆಮ್ಮಿದ.

"ಮದುವೆ ಯಾವತ್ತು?" ಅಂತ ಕೇಳಿದಳು ಸಣ್ಣೀರಮ್ಮ.

"ಹುಣ್ಣಿಮೆ ದಿನ. ಮುಗಿಯೋದು ಹೊತ್ತು ಮುಳುಗಿದ ಮೇಲೇ" ಅಂದ ಅಡಿವೆಪ್ಪ. ಅವನ ಮೀಸೆಯ ಕೆಳಗೆ ನಗು ಇಣುಕಿತು.

ಕೊಟ್ರಪ್ಪ ಮೂರನೇ ಸಲ ಭಟ್ಟಿಗೆ ಬಂದದ್ದು ಜಪ್ತಿಗೆ. ಬಾಕಿ ಇರುವವರ ದುಡಿಮೆಯ ವಸ್ತು ಒಂದನ್ನು ಕಟ್ಟೆಗೆ ತಂದಿಡಬೇಕು ಅಂತ ನಿಯಮ. ಅವನು ದೊಡ್ಡ ಬಾಣಲೆಗೆ ಕೈ ಹಾಕಿದ. ಎತ್ತಲು ಆಗಲಿಲ್ಲ. ಸಣ್ಣೀರಮ್ಮನೇ ಇನ್ನೊಂದು ಕಡೆ ಹಿಡಿದಳು. ಇಬ್ಬರೂ ಸೇರಿ ಬೀದಿ ತುಂಬ ಬಾಣಲೆ ಹೊತ್ತುಕೊಂಡು ಹೋದರು. ಜನ ಅಂಗಡಿ ಬಾಗಿಲಿಗೆ ಬಂದು ನೋಡಿದರು.

"ಬೈಯಬಾರದಾ ನನ್ನ?" ಅಂದ ಕೊಟ್ರಪ್ಪ ಏದುಸಿರು ಬಿಡುತ್ತ. "ಎಲ್ಲರೂ ಬೈತಾರೆ."

"ಬೈದರೆ ಉಸಿರು ದಂಡ ಅಣ್ಣ. ಬಾಣಲೆ ಭಾರ ಇದೆ. ಕೆಳಗೆ ಹಾಕಿ ಸೀಳು ಬಿಡಿಸಬೇಡಿ, ನನಗೆ ಮತ್ತೆ ಬೇಕು."

ಒಲೆ ತಣ್ಣಗಾಯಿತು. ಅಷ್ಟು ವರ್ಷದಲ್ಲಿ ಮೊದಲ ಸಲ. ಸಣ್ಣೀರಮ್ಮ ತಣ್ಣನೆಯ ಒಲೆಯ ಮುಂದೆ ಕೂತಳು. ಅಳಲಿಲ್ಲ. ಅತ್ತರೆ ಭಾವನಿಗೆ ಸುದ್ದಿ ಹೋಗುತ್ತೆ ಅಂತ ಅಳಲಿಲ್ಲ.

ಆಗ ನೀಲವ್ವ ಬಂದಳು. ಕೈಯಲ್ಲಿ ಅಕ್ಷತೆ ಬಟ್ಟಲು. ತಣ್ಣನೆಯ ಒಲೆ ನೋಡಿ ಅವಳ ಮುಖ ಬಿಳಿಚಿತು. ಬಾಗಿಲಲ್ಲೇ ನಿಂತಳು.

"ಒಳಗೆ ಬಾ ಮಗಾ. ಬಿಸೀದು ಇಲ್ಲ ಇವತ್ತು."

"ಗೊತ್ತು ದೊಡ್ಡಮ್ಮ. ಎಲ್ಲ ಗೊತ್ತು. ಈ ಮೂಲೇನ ನನ್ನ ಗಂಡಿಗೆ ಕೊಡ್ತೀನಿ ಅಂದಿದ್ದಾನಂತೆ ಅಪ್ಪ." ಹುಡುಗಿ ಹೊಟ್ಟಿನ ಚೀಲದ ಮೇಲೆ ಕುಸಿದು ಕೂತಳು. "ನನಗೆ ಬೇಡ ಅಂದೆ. 'ನಿನ್ನನ್ನ ಯಾರು ಕೇಳಿದರು' ಅಂದ. ಮದುವೆಗೆ ಬರ್ತೀಯಲ್ಲ ನೀನು? ಬರದಿದ್ದರೆ ನಾನು ಹಸೆಮಣೆ ಮೇಲೆ ಕೂರಲ್ಲ. ಮುಯ್ಯಿ ಗಿಯ್ಯಿ ಏನೂ ತರಬೇಡ. ಸುಮ್ಮನೆ ಬಾ."

ಮುಯ್ಯಿ ಅಂದರೆ ಗೊತ್ತಲ್ಲ? ಮದುವೆಗೆ ಬಂದವರು ಕೊಡುವ ಕಾಣಿಕೆ. ಆ ಊರಿನಲ್ಲಿ ಅದನ್ನು ಗುಟ್ಟಾಗಿ ಕೊಡುವ ಹಾಗಿಲ್ಲ. ಹೆಣ್ಣಿನ ತಂದೆ ಚಪ್ಪರದ ನಡುವೆ ಕೂತು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಪಕ್ಕದಲ್ಲಿ ಕೂಗುವವನೊಬ್ಬ ನಿಂತು, ಯಾರು ಏನು ಕೊಟ್ಟರು ಅಂತ ಊರಿಗೇ ಕೇಳುವ ಹಾಗೆ ಮೂರು ಸಲ ಕೂಗಬೇಕು. ಬಂದ ಮುಯ್ಯಿ ಬೇಡ ಅನ್ನುವ ಹಾಗಿಲ್ಲ. ಹಿಂದಕ್ಕೆ ಕೊಟ್ಟರೆ ಮದುಮಕ್ಕಳಿಗೆ ಕೇಡು.

ಸಣ್ಣೀರಮ್ಮ ತಲೆ ಎತ್ತಿದಳು. "ನಿಮ್ಮಪ್ಪ ಕಾಸು ಮುಟ್ಟಲ್ಲ ಅಂತ ಹರಕೆ ಹೊತ್ತಿದ್ದಾನಲ್ಲೇ. ಮುಯ್ಯಿ ಹೇಗೆ ತಗೋತಾನೆ?"

"ಮುಯ್ಯಿ ವ್ಯಾಪಾರ ಅಲ್ಲವಂತೆ. ಅದಕ್ಕೆ ಹರಕೆ ಇಲ್ಲವಂತೆ. ದೊಡ್ಡ ಹರಿವಾಣ ಬೇರೆ ತರಿಸಿದ್ದಾನೆ."

ಸಣ್ಣೀರಮ್ಮ ಸೀರೆಯ ಮೂರು ಗಂಟನ್ನು ಕೈಗೆತ್ತಿಕೊಂಡಳು. ಉಪಾಯ ಅವಳ ಎದುರಿಗೇ ಬಂದು ನಿಂತಿತ್ತು. ಆದರೆ ಅದರ ದಾರಿ ಈ ಹುಡುಗಿಯ ಹಸೆಮಣೆಯ ಮುಂದಿನಿಂದ ಹಾದುಹೋಗುತ್ತಿತ್ತು. ತಾನು ಲಂಗ ತುಂಬಿಸಿದ ಮಗು ಅದು.

"ನೀಲಿ, ಇಲ್ಲಿ ನೋಡು. ನಾನು ಮುಯ್ಯಿ ತರ್ತೀನಿ. ತಂದರೆ ನಿನ್ನ ಮದುವೆ ಚಪ್ಪರದಲ್ಲಿ ನಿಮ್ಮಪ್ಪನ ಮುಖ ಸ್ವಲ್ಪ ಹೊತ್ತು ಕೆಂಪಗಾಗುತ್ತೆ. ನೀನು ಬೇಡ ಅಂದರೆ ತರಲ್ಲ. ಭಟ್ಟಿ ಹೋದರೆ ಹೋಗಲಿ."

ನೀಲವ್ವ ಏನು ಎತ್ತ ಅಂತ ಕೇಳಲಿಲ್ಲ. ಒಲೆಯ ಬಾಯಿಯ ಬೂದಿಯನ್ನು ಬೆರಳಲ್ಲಿ ಕೆದಕುತ್ತ ಯೋಚಿಸಿದಳು. "ಇದನ್ನ ಒಡೆದ ಮಣ್ಣಿನ ಮೇಲೆ ಅಂಗಡಿ ಇಟ್ಟು ನಾನು ಸುಖವಾಗಿರ್ತೀನಾ ದೊಡ್ಡಮ್ಮ? ಅಪ್ಪನ ಮುಖ ಎರಡು ದಿನಕ್ಕೆ ಸರಿಹೋಗುತ್ತೆ. ತಗೊಂಡು ಬಾ."

ಹುಣ್ಣಿಮೆ ಬಂತು. ಚಪ್ಪರ ತುಂಬಿತು. ತಾಳಿ ಕಟ್ಟಿದ್ದಾಯಿತು. ನ್ಯಾಯಾಧಿಕಾರಿ ಮೊದಲ ಪಂಕ್ತಿಯಲ್ಲಿ ಹೋಳಿಗೆಯ ಮುಂದೆ ಕೂತಿದ್ದ. ಕೊಟ್ರಪ್ಪ ಅವನ ಪಕ್ಕ ಎರಡು ಎಲೆಯ ಜಾಗ ಹಿಡಿದು ಕೂತಿದ್ದ. ಅಡಿವೆಪ್ಪ ಹರಿವಾಣ ಮುಂದಿಟ್ಟುಕೊಂಡು ಮುಯ್ಯಿಗೆ ಕೂತ. ಕೂಗುವ ಮರುಳಯ್ಯ ಗಂಟಲು ಸರಿಮಾಡಿಕೊಂಡ. ಅವನ ಗಂಟಲು ಎಂಥದ್ದು ಅಂದರೆ, ಅವನು ಕೆಮ್ಮಿದರೆ ಆಚೆ ಬೀದಿಯ ಎಮ್ಮೆ ಹಗ್ಗ ಕಿತ್ತುಕೊಳ್ಳುತ್ತಿತ್ತು.

"ಗಾಣದ ಮನೆಯವರಿಂದ ಒಂದು ಕೊಡ ಎಣ್ಣೆ!" ಹರಿವಾಣ ಟಣ್ ಅಂತು. "ಸೋದರ ಮಾವನಿಂದ ಬೆಳ್ಳಿ ಲೋಟ!" ಅಡಿವೆಪ್ಪನ ಮುಖ ಅರಳುತ್ತ ಹೋಯಿತು. ಯಾರು ಏನು ಕೊಡುತ್ತಿದ್ದಾರೆ ಅಂತ ನೋಡುವ ವ್ಯವಧಾನವೂ ಇಲ್ಲ. ಕೈ ಚಾಚುವುದು, ಕಣ್ಣಿಗೊತ್ತಿಕೊಳ್ಳುವುದು, ಇಡುವುದು.

ಸಾಲಿನಲ್ಲಿ ಸಣ್ಣೀರಮ್ಮ ನಿಂತಿದ್ದಳು. ಗಂಡನಿಲ್ಲದವಳು ಮುಂದೆ ಬರಬಾರದು ಅಂತ ಯಾರೋ ಗೊಣಗಿದರು. ಅವಳು ಕೇಳಿಸಿಕೊಳ್ಳಲಿಲ್ಲ. ದುಡ್ಡು ಹಿಡಿದು ನಿಂತವರನ್ನು ಯಾವ ಮದುವೆ ಮನೆಯೂ ಸಾಲಿನಿಂದ ಆಚೆ ಕಳಿಸಿಲ್ಲ ಅಂತ ಅವಳಿಗೆ ಗೊತ್ತಿತ್ತು.

ಅವಳ ಸರದಿ ಬಂತು. ಮೂರು ಗಂಟಿನ ಸೀರೆ ತುಂಡನ್ನು ಅಡಿವೆಪ್ಪನ ಚಾಚಿದ ಕೈಗಳಲ್ಲಿ ಇಟ್ಟಳು. ಭಾರ ನೋಡಿ ಅವನು ಖುಷಿಯಿಂದ ಕಣ್ಣಿಗೊತ್ತಿಕೊಂಡ. ಕಣ್ಣು ಬಿಟ್ಟಾಗ ಎದುರಿಗೆ ಸಣ್ಣೀರಮ್ಮ.

ಅವಳು ಮರುಳಯ್ಯನ ಕಿವಿಯಲ್ಲಿ ಹೇಳಿದಳು. ಮರುಳಯ್ಯ ಕಣ್ಣು ಕಣ್ಣು ಬಿಟ್ಟ. "ಹೀಗೇ ಕೂಗಲಾ?"

"ಕೊಟ್ಟವರು ಹೇಳಿದ ಹಾಗೆ ತಾನೇ ನೀನು ಕೂಗೋದು? ಹೀಗೇ ಕೂಗು."

"ಭಟ್ಟಿ ಸಣ್ಣೀರಮ್ಮನಿಂದ, ಪೇಟೆ ಮೂಲೆಯ ಬಾಡಿಗೆ, ಮೂರು ತಿಂಗಳ ಬಾಕಿ ಪೂರ್ತಿ!"

ಚಪ್ಪರದಲ್ಲಿ ಹೋಳಿಗೆ ಅಗಿಯುವ ಸದ್ದು ನಿಂತಿತು. ಮರುಳಯ್ಯ ಎರಡನೇ ಸಲ ಕೂಗಿದ. ಮೂರನೇ ಸಲಕ್ಕೆ ಆಚೆ ಬೀದಿಯ ಎಮ್ಮೆಯೂ ಕೂಗಿತು.

ಅಡಿವೆಪ್ಪ ಕೆಂಡ ಹಿಡಿದವನ ಹಾಗೆ ಗಂಟನ್ನು ಹಿಂದಕ್ಕೆ ಚಾಚಿದ. "ತಗೋ, ನನಗೆ ಬೇಡ."

"ಹಾಂ, ಹಾಂ, ಏನು ಮಾಡ್ತೀರಿ ಬೀಗರೆ?" ಗಂಡಿನ ಅಜ್ಜಿ ಕೂತಲ್ಲಿಂದಲೇ ಕೋಲು ಕುಟ್ಟಿದಳು. "ಕಣ್ಣಿಗೊತ್ತಿಕೊಂಡ ಮುಯ್ಯಿ ವಾಪಸ್ ಕೊಡ್ತಾರಾ? ನನ್ನ ಮೊಮ್ಮಗನಿಗೆ ಕೇಡು ಬಯಸ್ತೀರಾ? ಇಡಿ ಹರಿವಾಣದಲ್ಲಿ."

ಅಡಿವೆಪ್ಪ ಇಟ್ಟ. ಆದರೆ ಅವನು ವ್ಯಾಪಾರಿ. ತಕ್ಷಣ ನ್ಯಾಯಾಧಿಕಾರಿಯ ಕಡೆ ತಿರುಗಿದ. "ಸ್ವಾಮಿ, ತಾವೇ ನೋಡಿದಿರಿ. ನಾನು ತಗೊಂಡಿದ್ದು ಮುಯ್ಯಿ. ಅವಳು ಏನಾದರೂ ಕೂಗಿಸಲಿ. ಬಾಡಿಗೆ ಬಾಕಿ ಹಾಗೇ ಇದೆ. ಹೊತ್ತು ಮುಳುಗೋಕೆ ಬಂತು. ಭಟ್ಟಿ ಒಡೆಸಿ."

ನ್ಯಾಯಾಧಿಕಾರಿ ಬೆರಳು ನೆಕ್ಕಿ, ಕೈ ತೊಳೆದು, ಬಾಯಿ ಒರೆಸಿಕೊಂಡ. ಅವಸರ ಮಾಡಲಿಲ್ಲ. "ಸರಿ ಅಡಿವೆಪ್ಪ. ಮುಯ್ಯಿ ಅಂತಲೇ ಇಟ್ಟುಕೊಳ್ಳೋಣ. ನಮ್ಮೂರಲ್ಲಿ ಮುಯ್ಯಿ ತಗೊಂಡವರು ಏನು ಮಾಡಬೇಕು?"

ಅಡಿವೆಪ್ಪ ಹರಿವಾಣ ಸರಿಸತೊಡಗಿದ. ಅಜ್ಜಿಯೇ ಹೇಳಿದಳು. "ಕೊಟ್ಟವರ ಮನೆ ಮೊದಲ ಶುಭಕಾರ್ಯಕ್ಕೆ ಅಷ್ಟನ್ನೂ ಹಿಂದಕ್ಕೆ ಮುಟ್ಟಿಸಬೇಕು. ಮೇಲೆ ಅದರರ್ಧ ಸೇರಿಸಬೇಕು. ಇಲ್ಲದಿದ್ದರೆ ಆ ಮನೆ ಜೊತೆ ಯಾರೂ ಬೀಗತನ ಮಾಡಲ್ಲ."

"ನನ್ನ ಶುಭಕಾರ್ಯ ಇವತ್ತೇ ಇದೆ ಸ್ವಾಮಿ" ಅಂದಳು ಸಣ್ಣೀರಮ್ಮ. "ಒಲೆಗೆ ಹೊಸ ಮಣ್ಣು ಮೆತ್ತಿದ್ದೀನಿ. ಹೊತ್ತು ಮುಳುಗೋ ಮೊದಲು ಪೂಜೆ. ಸಾಹುಕಾರ್ರು ಮುಯ್ಯಿ ಹಿಡಿದು ಬರಲಿ. ಅದರಲ್ಲೇ ಬಾಡಿಗೆ ಎಣಿಸಿ, ಅಲ್ಲೇ ನಿಮ್ಮೆಲ್ಲರ ಎದುರು ಅವರ ಕೈಗೆ ಇಡ್ತೀನಿ. ಮೇಲಿನ ಅರ್ಧ ನನಗೆ ಉಳಿಯುತ್ತೆ. ಹೊಸ ಜರಡಿ ತಗೋಬೇಕಿತ್ತು."

ಕೊಟ್ರಪ್ಪ ನಗು ತಡೆಯಲಾರದೆ ಮಜ್ಜಿಗೆ ನೆತ್ತಿಗೇರಿಸಿಕೊಂಡ.

"ಆಯ್ದುಕೋ ಅಡಿವೆಪ್ಪ" ಅಂದ ನ್ಯಾಯಾಧಿಕಾರಿ. "ಬಾಡಿಗೆ ಅಂದರೆ ಬಾಕಿ ತೀರಿತು. ಮುಯ್ಯಿ ಅಂದರೆ ಒಂದೂವರೆ ಪಾಲು ಹಿಡಿದು ಭಟ್ಟಿಗೆ ನಡಿ. ನಾವೆಲ್ಲ ಬರ್ತೀವಿ. ಊಟ ಆದಮೇಲೆ ನಾಲ್ಕು ಹೆಜ್ಜೆ ನಡೆದರೆ ಒಳ್ಳೇದೇ."

ಅಡಿವೆಪ್ಪ ಹರಿವಾಣ ನೋಡಿದ. ಬೀಗರನ್ನು ನೋಡಿದ. ಮಗಳನ್ನು ನೋಡಿದ. ನೀಲವ್ವ ಬಾಸಿಂಗದ ಕೆಳಗೆ ತಲೆ ತಗ್ಗಿಸಿ, ನೆಲ ನೋಡುತ್ತ, ತುಟಿ ಕಚ್ಚಿ ಹಿಡಿದಿದ್ದಳು.

"ಬಾಡಿಗೆ" ಅಂದ ಅಡಿವೆಪ್ಪ, ಸೊಳ್ಳೆಯ ದನಿಯಲ್ಲಿ.

"ಕೇಳಿಸಲಿಲ್ಲ" ಅಂದ ನ್ಯಾಯಾಧಿಕಾರಿ.

ಮರುಳಯ್ಯನೇ ಕೂಗಿದ. "ಸಾಹುಕಾರರು ಬಾಡಿಗೆ ಅಂತ ಒಪ್ಪಿಕೊಂಡರು!"

"ನೀನೂ ಕೇಳಮ್ಮ" ಅಂತ ನ್ಯಾಯಾಧಿಕಾರಿ ಸಣ್ಣೀರಮ್ಮನ ಕಡೆ ತಿರುಗಿದ. "ಕರೆದ ದಿನ ಬಂದಿದ್ದರೆ ಒಂದು ಮಾತಲ್ಲಿ ಮುಗೀತಿತ್ತು. ನಿನ್ನ ಬಿಂಕಕ್ಕೆ ಒಲೆ ತಣ್ಣಗಾಯ್ತು. ಇನ್ನೊಮ್ಮೆ ಕರೆ ಬಂದರೆ, ಸೌಟು ಕೈಯಲ್ಲಿದ್ದರೆ ಸೌಟಿನ ಸಮೇತ ಬಾ."

ಅವಳಿಗೆ ಮಾತು ಚುಚ್ಚಿತು. ಆದರೂ ಹೂಂ ಅಂದಳು. ಆ ಹೂಂ ಅವಳ ಬಾಯಿಂದ ಹೊರಡುವುದು ಬಾಣಲೆ ಹೊತ್ತದ್ದಕ್ಕಿಂತ ಕಷ್ಟವಾಯಿತು.

ಎಲ್ಲರೂ ಅವಳು ಹೊರಟಳು ಅಂದುಕೊಂಡರು. ಅವಳು ಹೊರಡಲಿಲ್ಲ. ಕುತ್ತಿಗೆಗೆ ಕೈ ಹಾಕಿ ಕಟ್ಟಾಣಿ ಸರ ಬಿಚ್ಚಿದಳು. ಭಟ್ಟಿಯ ದುಡಿಮೆಯಲ್ಲಿ ಮಾಡಿಸಿಕೊಂಡ ಒಂದೇ ಒಡವೆ ಅದು. ನೀಲವ್ವನ ಮುಂದೆ ಕೂತು ಅವಳ ಮಡಿಲಲ್ಲಿ ಇಟ್ಟಳು.

"ದೊಡ್ಡಮ್ಮ, ಬೇಡ. ತರಬೇಡ ಅಂದಿದ್ದೆನಲ್ಲ."

"ಅದು ಬಾಡಿಗೆ ಮಗಾ. ಇದು ಮುಯ್ಯಿ."

ಮರುಳಯ್ಯ ಏನು ಕೂಗಲಿ ಅಂತ ಬಗ್ಗಿ ಕೇಳಿದ. "ಇದನ್ನ ಕೂಗಬೇಡ" ಅಂದಳು ಸಣ್ಣೀರಮ್ಮ. ಮರುಳಯ್ಯನ ಜನ್ಮದಲ್ಲಿ ಅವನು ಕೂಗದೆ ಬಿಟ್ಟ ಮುಯ್ಯಿ ಅದೊಂದೇ.

ಅವತ್ತೇ ಸಂಜೆ ಕೊಟ್ರಪ್ಪ ಬಾಣಲೆಯನ್ನು ಬಂಡಿಯಲ್ಲಿ ಹೇರಿಕೊಂಡು ಬಂದ. ಒಲೆ ಉರಿಯಿತು. ಮೊದಲ ಬಾಣಲೆಯನ್ನು ಅವನೇ ತಿಂದು ಮುಗಿಸಿದ.

ಆಮೇಲೆ? ಬೀಗರಿಗೆ ಮಳಿಗೆ ಕೊಡುತ್ತೇನೆ ಅಂದ ಮಾತು ಹಾಗೇ ಉಳಿದಿತ್ತಲ್ಲ. ಅಡಿವೆಪ್ಪ ಬೇರೆ ಕಡೆ ಅಂಗಡಿ ಕೊಳ್ಳಬೇಕಾಯಿತು. ಅದಕ್ಕೆ ದುಡ್ಡು ಬೇಕು. ಮೂಲೆ ಮಾರಲು ಹೊರಟ. ಉರಿಯುವ ಭಟ್ಟಿ ಇರುವ ಜಾಗವನ್ನು, ಬಿಡಿಸಲಾಗದ ಹೆಂಗಸು ಇರುವ ಜಾಗವನ್ನು ಯಾರು ಕೊಳ್ಳುತ್ತಾರೆ? ಮೊದಲನೆಯವನು ಬಂದು ನೋಡಿ ಹೋದ. ಎರಡನೆಯವನು ಮಂಡಕ್ಕಿ ತಿಂದು ಹೋದ. ಮೂರನೆಯವಳಾಗಿ ಸಣ್ಣೀರಮ್ಮನೇ ಹೋದಳು. ಅಡಿವೆಪ್ಪ ಬಾಯಿಗೆ ಬಂದ ಬೆಲೆ ಹೇಳಿದ. ಅವಳು ಈ ಸಲವೂ ಚೌಕಾಸಿ ಮಾಡಲಿಲ್ಲ. ಸಾಲ ಮಾಡಿ ಅರ್ಧ, ಹುರಿದು ಹುರಿದು ಅರ್ಧ, ಮರುಳಯ್ಯನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡೇ ಕೊಟ್ಟಳು. ವಯಸ್ಸಾದ ಮೇಲೆ ಅಡಿವೆಪ್ಪನೂ ಬೆಳಿಗ್ಗೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದ. "ಮೆಣಸಿನಕಾಯಿ ಬೇಡ, ಹಲ್ಲಿಲ್ಲ" ಅನ್ನುತ್ತಿದ್ದ. "ಇವತ್ತು ಶುಕ್ರವಾರ ಸಾಹುಕಾರ್ರೆ, ದುಡ್ಡು ಕೊಡಬೇಡಿ" ಅಂತ ಅವಳು ರೇಗಿಸುತ್ತಿದ್ದಳು. ಅವನು ಕೊಡುತ್ತಲೂ ಇರಲಿಲ್ಲ ಬಿಡಿ.

ಮಕ್ಕಳೇ, ನೀತಿ ಇಷ್ಟು. ಕೊಡಲು ಬಂದವರ ಕೈ ತಳ್ಳಿ, ಕೊಡಲಿಲ್ಲ ಅಂತ ದೂರಬೇಡಿ. ಕೊಡುವವರು ನಾಲ್ಕು ಜನರ ಎದುರು ಕೊಡಿ. ಮತ್ತೆ, ಕಟ್ಟೆಯಿಂದ ಕರೆ ಬಂದರೆ, ತಪ್ಪಿರಲಿ ಇಲ್ಲದಿರಲಿ, ಎದ್ದು ಹೋಗಿ ಹೇಳಬೇಕಾದ್ದನ್ನು ಹೇಳಿ.

ಈಗ ಸಣ್ಣೀರಮ್ಮನ ಹತ್ತಿರ ಏನಿದೆ ಅಂತೀರಾ? ಪೇಟೆಯ ಮೂಲೆ ಅವಳದು. ಒಲೆ ಅವಳದು, ಮೇಲಿನ ಸೂರು ಅವಳದು, ಕೆಳಗಿನ ನೆಲ ಅವಳದು. ಗೋಡೆಯ ಗೂಡಿನಲ್ಲಿ ಒಂದು ಕಟ್ಟು ಹಾಳೆ ಇದೆ, ಪೊಟ್ಟಣಕ್ಕೆ ಕೊಡದೆ ಉಳಿಸಿಕೊಂಡದ್ದು. ಇಷ್ಟಕ್ಕೆ ಅವಳು ಕೊಟ್ಟದ್ದು ಎರಡು ಹುಬ್ಬು, ಅವು ಮತ್ತೆ ಬೆಳೆಯಲಿಲ್ಲ. ಹೊಗೆಗೆ ಮಂಜಾದ ಒಂದು ಕಣ್ಣು. ಒಂದು ಕಟ್ಟಾಣಿ ಸರ. ಮತ್ತೆ, ತಾಯಿ "ಬಂದುಬಿಡು" ಅಂತ ಕರೆದಾಗಲೆಲ್ಲ ಬೆಂಕಿ ಬಿಟ್ಟು ಬರಲಾರೆ ಅಂತ ಹೋಗದೆ ಉಳಿದ ಹಬ್ಬಗಳು. ಅವು ಎಷ್ಟು ಅಂತ ಅವಳು ಎಣಿಸಿಲ್ಲ.